ಮುಳುಗಿದವನ ಹೆಸರು

ಎಡ್ವರ್ಡಿನೆ ಹುಟ್ಟುವುದಕ್ಕೆ ಹನ್ನೊಂದು ವಾರ ಮೊದಲು ಅವಳ ಅಪ್ಪ ಎಡ್ವರ್ಡ್ ದೋಣಿ ಸಮೇತ ಸಮುದ್ರದ ಪಾಲಾದ. ನಮ್ಮ ಕಡೆ, ನಾರ್ವೆಯ ಬಡಗಣ ದ್ವೀಪಗಳಲ್ಲಿ, ಮುಳುಗಿದವನ ಹೆಸರನ್ನು ಮನೆಯೊಳಗೆ ಉಳಿಸಿಕೊಳ್ಳಲೇಬೇಕು. ಹುಟ್ಟಿದ್ದು ಹೆಣ್ಣಾದರೆ ಅದೇ ಹೆಸರಿಗೊಂದು ಬಾಲ ಅಂಟಿಸಿ ಅವಳ ತಲೆಗೆ ಕಟ್ಟುತ್ತಾರೆ. ನಾಳೆ ಬೆಳೆದು ನಿಂತ ಹೆಂಗಸಿಗೆ ಅದು ಒಪ್ಪುತ್ತದೆಯೇ ಎಂದು ಕೇಳುವ ಪುಣ್ಯಾತ್ಮರು ಯಾರೂ ಇಲ್ಲ. ಸತ್ತವನಿಗೆ ಒಪ್ಪಿದರೆ ಸಾಕು.

ಅವಳ ಅಮ್ಮ ಊಲೀನೆ ಅತ್ತದ್ದನ್ನು ಊರು ಕಂಡಿಲ್ಲ. ಅಳುವ ಬದಲು ಮಗಳನ್ನು ಗಂಡನ ಪಕ್ಕ ನಿಲ್ಲಿಸಿ ನೋಡುತ್ತ ಬದುಕಿದಳು. "ನಿಮ್ಮಪ್ಪ ಹತ್ತು ವರ್ಷಕ್ಕೇ ದೋಣಿ ನಡೆಸ್ತಿದ್ದ. ನೀನು ದಡದಲ್ಲೇ ವಾಂತಿ ಮಾಡ್ಕೋತೀಯ." "ನಿಮ್ಮಪ್ಪ ಹಾಡಿದ್ರೆ ಚರ್ಚು ತುಂಬ್ತಿತ್ತು. ನಿಂದು ಬೆಕ್ಕಿನ ಗಂಟಲು." ಮನೆಯಲ್ಲಿ ಇದಾದರೆ ಶಾಲೆಯಲ್ಲಿ ಹುಡುಗರದು ಬೇರೆ ಕಾಟ. "ಎಡ್ವರ್ಡಣ್ಣಾ, ಗಡ್ಡ ಎಲ್ಲಿ ಬಿಟ್ಟು ಬಂದೆ?" ಅವಳು ಒಮ್ಮೆಯೂ ಕಾಣದ ಮನುಷ್ಯ ಅವಳ ಬೆನ್ನ ಮೇಲೆ ಕೂತು ಇಪ್ಪತ್ತಾರು ವರ್ಷ ಸವಾರಿ ಮಾಡಿದ.

ಆಮೇಲೆ ಹಾಲ್ವರ್ ಎಂಬ ಬೆಸ್ತನನ್ನು ಮದುವೆಯಾಗಿ ಬಸುರಾದಳು. ಗಂಡನ ಹತ್ತಿರ ಒಂದೇ ಮಾತು ತೆಗೆದುಕೊಂಡಳು: ಗಂಡಾದರೆ ನಿನ್ನಿಷ್ಟ, ಹೆಣ್ಣಾದರೆ ಹೆಸರು ನನ್ನದು. ಸತ್ತವರ ಎಂಜಲು ಹೆಸರು ತನ್ನ ಮಗಳಿಗೆ ಬೇಡ. ಹಾಲ್ವರ್ ಬಲೆ ಹೊಲಿಯುತ್ತ ಹೂಂ ಅಂದ.

ಆ ಬೇಸಿಗೆಯೆಲ್ಲ ಅವಳು ಬಂಡೆಗಳ ಮೇಲೆ ಉಪ್ಪು ಮೀನು ಹರಡಿ ಒಣಗಿಸುವ ಕೆಲಸದಲ್ಲಿದ್ದಳು. ಬೆನ್ನು ನೆಟ್ಟಗೆ ಮಾಡುವ ನೆಪದಲ್ಲಿ ಎದ್ದು ನಿಂತು ಸಮುದ್ರದ ಕಡೆ ಒಂದೊಂದು ಹೆಸರು ಕೂಗುವಳು.

"ಯಾರನ್ನೇ ಕರೀತಿದ್ದೀಯ, ಗಾಳೀನಾ?" ಎಂದಳು ಪಕ್ಕದ ಬಂಡೆಯ ಪೆತ್ರಾ.

"ಮಗಳನ್ನ."

"ಇನ್ನೂ ಹುಟ್ಟೇ ಇಲ್ಲ, ಆಗ್ಲೇ ಊಟಕ್ಕೆ ಕರೀತಿದ್ದಾಳೆ ನೋಡ್ರೇ!"

"ಕೂಗಿ ನೋಡ್ಬೇಕು ಕಣೇ. ಅಂಗಳದಿಂದ ಕರೆಯೋಕೂ ಚೆನ್ನಾಗಿರ್ಬೇಕು, ಮದುವೇಲಿ ಪಾದ್ರಿ ಓದೋಕೂ ಚೆನ್ನಾಗಿರ್ಬೇಕು. ಲಿಲ್ಲೆಮೋರ್ ಅಂತಿಟ್ರೆ ತೊಟ್ಟಿಲಿಗೆ ಮುದ್ದು. ಅರವತ್ತಾದ್ಮೇಲೆ? ಹಲ್ಲೆಲ್ಲ ಉದುರಿದ ಪುಟ್ಟಮ್ಮ!"

"ಗುನ್‌ಹಿಲ್ಡ್ ಇಡು."

"ಅಯ್ಯೋ, ಕೂಸು ಹುಟ್ಟಿದ ದಿನಾನೇ ಅತ್ತೆ ಥರ ಕಾಣುತ್ತೆ."

ಬೇಸಿಗೆ ಮುಗಿಯುವಷ್ಟರಲ್ಲಿ ಒಂದು ಹೆಸರು ಉಳಿಯಿತು: ಸುನ್ನಿವಾ. ಪೆತ್ರಾ ಸೊಂಟ ಹಿಡಿದುಕೊಂಡು, ದನಿ ನಡುಗಿಸಿ ಪರೀಕ್ಷೆ ಮಾಡಿದಳು. "ಏ ಸುನ್ನಿವಾ ಮುದುಕೀ, ಕಾಫಿಗೆ ಬಾರೇ, ಮಂಡಿ ನೋವು ಹೆಂಗಿದೆ?" ಬಂಡೆಗಳ ಮೇಲಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಹೆಸರು ಮಾತ್ರ ಮುದುಕಿಗೂ ಒಪ್ಪಿತ್ತು.

ಹೆಣ್ಣೇ ಹುಟ್ಟಿತು, ಜನವರಿ ಕೊನೆಯಲ್ಲಿ. ಗಂಡಸರೆಲ್ಲ ದೂರದ ಲೊಫೋಟನ್ ಕಡಲಿಗೆ ಮೀನಿಗೆ ಹೋಗಿದ್ದರು. ಪಾದ್ರಿ ನಮ್ಮ ಚರ್ಚಿಗೆ ಬರುವುದು ಆರು ವಾರಕ್ಕೊಮ್ಮೆ, ಅದೂ ಸಮುದ್ರ ಬಿಟ್ಟರೆ. ಅವನು ಬಂದ ಭಾನುವಾರ ಎಡ್ವರ್ಡಿನೆಗೆ ಎದೆ ಬಾತು ಜ್ವರ. ಇಲ್ಲದಿದ್ದರೂ ಪಾದ್ರಿ ತಲೆಗೆ ನೀರು ಹಾಕಿ ಹೆಸರಿಡುವ ದೀಕ್ಷಾಸ್ನಾನಕ್ಕೆ ಬಾಣಂತಿ ಹೋಗುವ ಪದ್ಧತಿಯಿಲ್ಲ. ಕೂಸನ್ನು ಬೇರೊಬ್ಬ ಹೆಂಗಸು ಎತ್ತಿಕೊಂಡು ಹೋಗಬೇಕು, ಪಾದ್ರಿ ಕೇಳಿದಾಗ ಹೆಸರನ್ನೂ ಅವಳೇ ಹೇಳಬೇಕು. ಅವಳು ಹೇಳಿದ್ದೇ ಹೆಸರು. ಪೆತ್ರಾಳ ಕೈಗೆ ಕೊಡಬಹುದಿತ್ತು. ಅಮ್ಮ ನೊಂದುಕೊಂಡಾಳು ಎಂದು ಅಮ್ಮನ ಕೈಗೇ ಕೊಟ್ಟಳು, ಮೂರು ಸಲ ಹೆಸರು ಹೇಳಿಸಿ. ಊಲೀನೆ ಮೂರು ಸಲವೂ ಸರಿಯಾಗಿಯೇ ಹೇಳಿದಳು.

ಮಧ್ಯಾಹ್ನ ಅಮ್ಮ ಕೂಸಿನೊಂದಿಗೆ ವಾಪಸು ಬಂದಾಗ ಎಡ್ವರ್ಡಿನೆ ಮಂಚದಿಂದಲೇ ಕೈ ಚಾಚಿದಳು.

"ನೀರು ತಣ್ಣಗಿತ್ತೇನಮ್ಮಾ? ಅತ್ಲಾ?"

"ಎಡ್ವರ್ಡಿನೆ ಅಳಲಿಲ್ಲ."

"ನಾನ್ಯಾಕಮ್ಮ ಅಳ್ಲಿ? ಕೂಸು ಅತ್ತಿತಾ ಅಂದೆ."

"ಅದನ್ನೇ ಹೇಳಿದ್ದು. ಕೂಸಿನ ಹೆಸರು ಅದೇ."

ಎಡ್ವರ್ಡಿನೆಗೆ ಜ್ವರದಲ್ಲಿ ಏನೋ ಕೇಳಿಸಿತು ಅನ್ನಿಸಿತು. ಅಮ್ಮ ತಲೆವಸ್ತ್ರ ಬಿಚ್ಚಿ ಮಡಿಸುತ್ತ, "ಬಾಯಿಗೆ ಅದೇ ಬಂತು," ಎಂದಳು. ಎಡ್ವರ್ಡಿನೆ ಕೂಸನ್ನು ಎದೆಗವಚಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ತಾಯಿಯ ಮೇಲೆ ಆ ಹೊತ್ತಿನಲ್ಲಿ ಅವಳಿಗೆ ಹುಟ್ಟಿದ್ದು ಹೇಸಿಗೆ. ಅದು ಕೊನೆಯವರೆಗೂ ಹೋಗಲಿಲ್ಲ.

ಆರು ವಾರ ಬಿಟ್ಟು ಪಾದ್ರಿಯನ್ನು ಕೇಳಿದಳು. "ಚರ್ಚಿನ ಪುಸ್ತಕಕ್ಕೆ ಏರಿದ್ದು ಏರಿತಮ್ಮ, ಎರಡೆರಡು ಸಲ ನೀರು ಹಾಕೋಕಾಗಲ್ಲ," ಎಂದು ಅವನು ಕೈ ತೊಳೆದುಕೊಂಡ. ಈಸ್ಟರ್ ಕಳೆದು ಮನೆಗೆ ಬಂದ ಹಾಲ್ವರ್, "ಪುಸ್ತಕದಲ್ಲಿ ಏನಾದ್ರೂ ಇರ್ಲಿ, ಮನೇಲಿ ನಿಂಗೆ ಬೇಕಾದ್ದು ಕರ್ಕೋ," ಎಂದ. ಗಂಡಸರಿಗೆ ಎಲ್ಲವೂ ಅಷ್ಟು ಸಲೀಸು. ಅವಳು ಕರೆದಳು. ಪೆತ್ರಾ ಕರೆದಳು, ಬಂಡೆಯ ಹೆಂಗಸರೆಲ್ಲ ಕರೆದರು. ಏಳು ವರ್ಷ ದ್ವೀಪಕ್ಕೆಲ್ಲ ಆ ಹುಡುಗಿ ಸುನ್ನಿವಾ. ಊಲೀನೆ ಮಾತ್ರ ಎಲ್ಲರ ಮುಂದೆ ಯಾವ ಹೆಸರಿನಿಂದಲೂ ಕರೆಯಲಿಲ್ಲ, ಬರೀ "ಬಾರೇ" ಅನ್ನುವಳು. ಮೊಮ್ಮಗಳನ್ನು ದೋಣಿಗೆ ಹತ್ತಿಸಿಕೊಂಡು ಹೋಗಿ ಹುಟ್ಟು ಹಾಕುವುದನ್ನು ಕಲಿಸಿದಳು. ಹುಡುಗಿ ವಾಂತಿ ಮಾಡಿಕೊಳ್ಳಲಿಲ್ಲ. ಮುದುಕಿ ಸೋತು ಸುಮ್ಮನಾದಳೆಂದು ಎಡ್ವರ್ಡಿನೆ ನಂಬಿದ್ದಳು.

ಶಾಲೆಗೆ ಸೇರಿಸುವ ದಿನ ಹುಡುಗಿಗೆ ಜಡೆ ಹೆಣೆದು ಕರೆದುಕೊಂಡು ಹೋದಳು. ಮೇಷ್ಟ್ರು ಪಟ್ಟಿಯಲ್ಲಿದ್ದ ಹೆಸರು ಓದಿದರು.

"ಅದು ಚರ್ಚಿನ ಪುಸ್ತಕದ್ದು ಮೇಷ್ಟ್ರೇ," ಎಂದಳು ಎಡ್ವರ್ಡಿನೆ. "ಇವಳನ್ನ ಎಲ್ಲರೂ ಕರೆಯೋದು ಸುನ್ನಿವಾ ಅಂತ. ಹಾಗೇ ಬರ್ಕೊಳ್ಳಿ."

"ಅಲ್ಲ," ಎಂದಿತು ಮಗು. "ನಾನು ಎಡ್ವರ್ಡಿನೆ."

"ಯಾರೇ ಹೇಳಿದ್ದು?"

"ಅಜ್ಜಿ. ದೋಣೀಲಿ ಹಾಗೇ ಕರೀತಾಳೆ." ಮಗು ಮೇಷ್ಟ್ರ ಕಡೆ ತಿರುಗಿ, ಪಾಠ ಒಪ್ಪಿಸುವಂತೆ ಹೇಳಿತು. "ಅಮ್ಮಂಗೆ ಈ ಹೆಸರು ಒಪ್ಲೇ ಇಲ್ವಂತೆ. ಸುಮ್ನೆ ಹಾಳಾಯ್ತಂತೆ. ಅದಕ್ಕೆ ನಂಗಿಟ್ಟಿದ್ದಂತೆ. ನಂಗೆ ಒಪ್ಪುತ್ತಂತೆ."

ಮೇಷ್ಟ್ರು ಲೇಖನಿ ಹಿಡಿದು ತಾಯಿಯ ಮುಖ ನೋಡಿದರು. "ಯಾವುದು ಬರೀಲಮ್ಮ?"

ಮಗು ತಲೆಯೆತ್ತಿ ನಿಂತಿತ್ತು. ಅಷ್ಟು ಹೆಮ್ಮೆಯಿಂದ ಎಡ್ವರ್ಡಿನೆ ಆ ಹೆಸರನ್ನು ಜನ್ಮದಲ್ಲಿ ಒಮ್ಮೆಯೂ ಹೇಳಿಕೊಂಡಿರಲಿಲ್ಲ.

"ಅವಳು ಹೇಳಿದ್ದೇ ಬರೀರಿ," ಎಂದಳು.