ಕಿಟಕಿಗೊಂದು ಝಾಲರಿ

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ನಾಲ್ಕು ಸಲ ತುಳಿದರೆ ಒಂದು ವಾಸನೆ ಏಳುತ್ತದೆ, ಗಮನಿಸಿದ್ದೀರಾ? ಮೊನ್ನೆ ಮಧುಗಿರಿಯ ನಮ್ಮ ಅಡುಗೆಮನೆ ಕಿಟಕಿಗೆ ಝಾಲರಿ ಹೊಲಿಯಲು ಕೂತಾಗ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಿಡಿಗೇಶಿಯ ನಮ್ಮತ್ತೆ ನೆನಪಾದರು. ಝಾಲರಿ ಎಂದರೆ ಪರದೆಯಲ್ಲ. ಕಿಟಕಿಯ ನೆತ್ತಿಯಿಂದ ಗೇಣುದ್ದ ಮಾತ್ರ ಇಳಿಬೀಳುವ ನೆರಿಗೆ ಬಟ್ಟೆ. ಬಿಸಿಲು ತಡೆಯದು, ಮರೆಯೂ ಆಗದು. ಅಂದಕ್ಕೆ, ಅಷ್ಟೆ.

ಮದುವೆಯಾದ ಹೊಸತರಲ್ಲಿ ಅತ್ತೆಯ ಮನೆಗೆ ನಾಗರಿಕತೆ ತರುವ ಹೊಣೆ ನನ್ನದೆಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಅಲ್ಲಿನ ಅಡುಗೆಮನೆ ಕಿಟಕಿಯೆದುರು, ಸಣ್ಣ ಸಂದಿಯ ಆಚೆಗೆ, ಪಕ್ಕದ ಮನೆ ನಿಂಗಮ್ಮನ ಕಿಟಕಿ. ಸರಳುಗಳ ನಡುವೆ ಕೈ ತೂರಿಸಿ ಇಬ್ಬರೂ ಕರಿಬೇವು, ಹೆಪ್ಪು, ಬಟ್ಟಲು ಸಾರು, ಊರವರ ಗುಟ್ಟು ಎಲ್ಲವನ್ನೂ ಸಾಗಿಸುತ್ತಿದ್ದರು. ಮಂಡಿನೋವಿನ ಅತ್ತೆ ಹೊಸ್ತಿಲು ದಾಟುವುದೇ ಅಪರೂಪ. ಆ ಕೈ ಚಾಚಿದಷ್ಟು ದೂರವೇ ಅವರ ಊರು.

"ಅತ್ತೆ, ಈ ಕಿಟಕಿಗೊಂದು ಝಾಲರಿ ಹಾಕ್ತೀನಿ," ಎಂದೆ. ಅವರು ಒಲೆಯ ಕಡೆ ತಿರುಗಿ ಸಾರು ಕದಡತೊಡಗಿದರು. ಒಪ್ಪಿಗೆ ಅಂದುಕೊಂಡೆ.

ನಮ್ಮ ಸೀಮೆಯ ಬಾಯಲ್ಲಿ ಮಹಾಪ್ರಾಣ ನಿಲ್ಲುವುದಿಲ್ಲ, ನಿಮಗೂ ಗೊತ್ತು. ನನ್ನ ಮನಸ್ಸಿನಲ್ಲಿದ್ದದ್ದು ಝಾಲರಿ, ಬಾಯಿಂದ ಬಂದದ್ದು ಜಾಲರಿ. ಅತ್ತೆಗೆ ಅರ್ಥವಾದದ್ದು ಸೊಳ್ಳೆ ಬಾರದಂತೆ ಚೌಕಟ್ಟಿಗೆ ಬಡಿಯುವ ತಂತಿ ಬಲೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ನಾನು ಹಳೆಯ ಹೂವಿನ ಸೀರೆಯನ್ನು ಕಿಟಕಿಯಗಲಕ್ಕೆ ಎರಡರಷ್ಟು ಕತ್ತರಿಸಿ, ಕೆಳಗೆ ಅಂಚು ಮಡಿಸಿ, ಮೇಲೆ ಕೋಲು ತೂರುವಷ್ಟು ಸಂದು ಬಿಟ್ಟು ಹೊಲಿಯುತ್ತಾ ಕೂತೆ. ನಾನು ಲಂಗ ಹೊಲಿದುಕೊಳ್ಳುತ್ತಿದ್ದೇನೆಂದು ಅತ್ತೆ ತಿಳಿದಿದ್ದರಂತೆ. ಅವರ ಊದಿದ ಮುಖ ಕಂಡು, ನನ್ನ ಕುಶಲತೆಗೆ ಹೊಟ್ಟೆಕಿಚ್ಚೆಂದು ನಾನು ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿದೆ.

ಮರುದಿನ ಬೆಳಿಗ್ಗೆ ಕಿಟಕಿಯ ಬಳಿ ಅತ್ತೆಯ ದನಿ ಕೇಳಿತು.

"ತಗಳಮ್ಮಿ ನಿಂಗಿ, ನಿನ್ ಬಟ್ಲುಗಳ್ನೆಲ್ಲ. ಇನ್ಮ್ಯಾಲೆ ಕೈ ಆಚೆಗೆ ಓಗಕಿಲ್ಲ. ಸೊಸೆ ಜಾಲರಿ ಬಡೀತಾಳಂತೆ."

"ಬಡ್ಕಳ್ಳಿ ಬುಡಕ್ಕ," ಎಂದಳು ನಿಂಗಮ್ಮ. "ಮಾತು ತೂರ್ತದಲ್ಲ."

"ಮಾತ್ಗೆ ಹಾಲು ಎಪ್ಪಾಯ್ತದೇನಮ್ಮಿ?"

ನಾನು ಓಡಿಹೋಗಿ ಝಾಲರಿಯನ್ನು ಕೋಲಿಗೆ ಪೋಣಿಸಿ ತಂದು ಕಿಟಕಿಯ ಮೇಲೆ ಸಿಕ್ಕಿಸಿದೆ. ಅತ್ತೆ ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದರು. ಮೆಲ್ಲಗೆ ಸರಳಿನ ನಡುವೆ ಕೈ ತೂರಿಸಿದರು. ಕೈ ಹೋಯಿತು. ಆಚೆಯಿಂದ ನಿಂಗಮ್ಮ ಆ ಕೈಯಲ್ಲಿ ಒಂದು ಬಟ್ಟಲು ಇಟ್ಟಳು.

"ಇದ್ಕೆ ಸೆರಗು ಅನ್ನಾಕೇನಾಗಿತ್ತೇ ನಿಂಗೆ?" ಎಂದರು ಅತ್ತೆ. "ಜಾಲರಿ ಜಾಲರಿ ಅಂತ ಜೀವ ತಗದ್ಬುಟ್ಟೆ."

"ಕಿಟಕಿ ಒಳ್ಳೆ ಮದ್ಲಗಿತ್ತಿ ಇದ್ದಂಗೈತೆ ಕಣಕ್ಕ," ಎಂದಳು ನಿಂಗಮ್ಮ. "ನಿನ್ ಸೊಸೇಗಿಂತ್ಲೂ ವಾಸಿ."

ಇವತ್ತು ನಮ್ಮ ಮನೆಗೆ ಸೊಳ್ಳೆ ಜಾಲರಿ ಬಡಿಯುವವನು ಬಂದಿದ್ದ. ಅಡುಗೆಮನೆ ಕಿಟಕಿಯೊಂದನ್ನು ಬಿಟ್ಟುಬಿಡಪ್ಪ ಎಂದೆ.

"ಅಲ್ಲೇ ಅಲ್ವಾ ಮೇಡಂ ಸೊಳ್ಳೆ ಜಾಸ್ತಿ?"

"ಬರ್ಲಿ ಬಿಡು."

ಅವನು ತಲೆಯಾಡಿಸಿ, ಉಳಿದ ಕಿಟಕಿಗಳಿಗೆ ಬಡಿದು ಹೊರಟುಹೋದ. ಕಿಟಕಿ ತೆರೆದಿದೆ, ಎದುರುಮನೆಯ ಕಿಟಕಿಯೂ ಕೈಗೆಟುಕುವಷ್ಟು ಹತ್ತಿರವಿದೆ. ಆ ಮನೆಯಾಕೆಯ ಹೆಸರೇನೆಂದು ಸಂಜೆ ಕೇಳಬೇಕು. ನಾವು ಈ ಮನೆಗೆ ಬಂದು ವರ್ಷವಾಯಿತು.