ನಾನು ಇಲ್ಲದ ತಾರಸಿ

ಬಿಸಿ ಮಿರ್ಚಿ ಭಜಿಯ ತಟ್ಟೆಯನ್ನು ಟೆಂಟಿನೊಳಗೆ ತೂರಿಸಿದೆ. ಮೊಮ್ಮಗಳು ಸುಜಾತಾ ನನ್ನ ಮುಖವನ್ನೂ ನೋಡಲಿಲ್ಲ.

"ಅಜ್ಜಿ, ನಾ ಈಗ ಕಾಡಿನಾಗ ಒಬ್ಬಾಕೀನ ಅದೀನಿ. ನೀ ಇಲ್ಲಿ ಇಲ್ಲ."

ಕಾಡಲ್ಲ, ತಳೇಗಾಂವದ ನಮ್ಮ ಮನೆಯ ತಾರಸಿ. ಒಬ್ಬಳೇ ದೋಣಿಯಲ್ಲಿ ಹುಟ್ಟು ಹಾಕುತ್ತ ಹೋಗಿ, ಕೆರೆದಂಡೆಯ ಕಾಡಿನಲ್ಲಿ ಎರಡು ದಿನ ಇದ್ದು ಬರುತ್ತೇನೆಂದು ಅವಳ ಹಟ. ಮೊದಲು ತಾರಸಿಯ ಮೇಲೆ ಒಂದು ದಿನ ಫೋನಿಲ್ಲದೆ, ಮಾತಿಲ್ಲದೆ ಕುಳಿತು ಮನಸ್ಸು ಗಟ್ಟಿ ಮಾಡಿಕೋ, ಸಂಜೆಯೊಳಗೆ ಕೆಳಗಿಳಿದರೆ ಹೋಗುವುದೇ ಬೇಡ ಎಂದು ನನ್ನ ಮಗ ಕರಾರು ಹಾಕಿದ್ದ. ಕಾವಲಿಗೆ ನಾನು. ಅವಳು ಒಬ್ಬಳೇ ಹೋಗುವುದು ನನಗೂ ಬೇಡವಾಗಿತ್ತು; ಮನಸ್ಸು ಸಡಿಲಾಗಿ ಸೋಲಲಿ ಎಂದೇ ಭಜಿ ಕರಿದಿದ್ದೆ.

ಎಪ್ಪತ್ತು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಅಳಿಸಿ ಹಾಕಿರಲಿಲ್ಲ. ಭಜಿಯನ್ನೆಲ್ಲ ನಾನೇ ತಿಂದೆ. ಬಾಯಿ ಮುಚ್ಚಿ ಕುಳಿತು ತಲೆ ಕೆಟ್ಟು, ನೀರಿನ ನೆಪ ಮಾಡಿ ಸೊಸೆಯ ಜೊತೆ ಮಾತಾಡಲು ಇಳಿದೆ. ಮತ್ತೆ ಚಹಾದ ನೆಪ, ಆಮೇಲೆ ಎಲೆ-ಅಡಿಕೆಯ ನೆಪ. ಟೆಂಟಿನಿಂದ ಮಾತ್ರ ಒಂದು ಕೆಮ್ಮೂ ಬರಲಿಲ್ಲ.

ಸಂಜೆ ಮಗ ಬಂದ. "ಇಳಿದಿದ್ಲೇನವ್ವಾ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಆಕಿ ಇಳೀಲಿಲ್ಲೋ. ನಾನ ಮೂರು ಸಲ ಇಳಿದೆ."

ಸುಜಾತಾ ಹೋಗಿ ಬಂದಾಯಿತು. ಒದ್ದೆ ಟೆಂಟು ಒಣಗಲೆಂದು ತಾರಸಿಯ ಮೇಲೆ ಹಾಕಿದ್ದಳು. ಒಣಗಿ ವಾರವಾದರೂ ನಾನು ತೆಗೆಯಗೊಟ್ಟಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅದರೊಳಗೆ ಹೋಗಿ ಕೂರುತ್ತೇನೆ. ಸೊಪ್ಪು ಸೋಸಲು ಸೊಸೆ ಕೂಗಿದರೆ, ನಾನು ಇಲ್ಲಿ ಇಲ್ಲ ಎನ್ನುತ್ತೇನೆ.