ಸೋಲಾರ್ ಪ್ಲೇಟಿನ ಮೇಲೆ ಒಣಗಿದ ಮೆಣಸಿನಕಾಯಿ

ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಪಕ್ಕ ನನ್ನ ಅಕ್ಕ ಸಂಜೆ ಹೊತ್ತು ತಳ್ಳುಗಾಡಿಯಲ್ಲಿ ಜೋಳದ ರೊಟ್ಟಿ ಮಾರುತ್ತಿದ್ದಳು. ನಾವು ರಾಯಚೂರು ಕಡೆಯವರು. ಐದನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ನನ್ನನ್ನು ಹದಿನೆಂಟು ತುಂಬಿದ ಮೇಲೆ ಅವಳೇ ಊರಿನಿಂದ ಕರೆತಂದಿದ್ದಳು. ತಗಡಿನ ಸೂರಿನ ಬಾಡಿಗೆ ಕೋಣೆಯಲ್ಲಿ ನಾವಿಬ್ಬರೇ.

ಗಾಡಿಯಲ್ಲಿ ಸೀಮೆಎಣ್ಣೆ ಬುಡ್ಡಿ ಉರಿಯುತ್ತಿತ್ತು. ಅದರ ಹೊಗೆ ರೊಟ್ಟಿಗೂ ಹತ್ತುತ್ತಿತ್ತು, ಅಕ್ಕನ ಎದೆಗೂ. ಮಹಿಳಾ ಸಂಘದವರು ಸೋಲಾರ್ ದೀಪಕ್ಕೆ ಬ್ಯಾಂಕಿನಿಂದ ಸಾಲ ಕೊಡಿಸಲು ಓಡಾಡುತ್ತಿದ್ದ ಕಾಲ ಅದು. ಮೊದಲು ಒಂದು ಗಾಡಿಗೆ ಕೊಟ್ಟು ನೋಡೋಣ, ಸರಿಯಾಗಿ ಉರಿದರೆ ಉಳಿದವರಿಗೂ ಕೊಡೋಣ ಎಂದರು ಬ್ಯಾಂಕಿನವರು. ಆ ಒಂದು ಗಾಡಿ ನಮ್ಮದಾಯಿತು. ಹೂವಿನವಳು, ಕಡಲೆಕಾಯಿಯವಳು, ಸೊಪ್ಪಿನವಳು ಎಲ್ಲರ ಕಣ್ಣೂ ಅಕ್ಕನ ದೀಪದ ಮೇಲೆಯೇ.

ಮೊದಲ ದಿನ ರಸ್ತೆಯಲ್ಲಿ ಕರೆಂಟು ಹೋಗಿತ್ತು. ಆಟೋದವನೊಬ್ಬ, “ಏನಕ್ಕಾ, ಊರಿಗೆಲ್ಲ ಅಮಾವಾಸ್ಯೆ, ನಿಮ್ಮ ಗಾಡೀಲಿ ಮಾತ್ರ ಹುಣ್ಣಿಮೆ,” ಅಂದ. ಅಕ್ಕ ನಕ್ಕು ನನ್ನ ಕಡೆ ತಿರುಗಿದಳು. “ಈ ಬೆಳಕಿನ್ಯಾಗ ನಿನ್ನ ಮಾರಿ ಭಾಳ ಚಂದ ಕಾಣ್ತೈತಿ.”

ರೊಟ್ಟಿಗೆ ಕೊಡುವ ಕೆಂಪು ಖಾರಕ್ಕೆ ಮೆಣಸಿನಕಾಯಿ ಒಣಗಿಸುವುದು ನನ್ನ ಪಾಲಿನ ಕೆಲಸ. ತಗಡಿನ ಮೇಲೆ ಹರವಿದರೆ ಅವು ಜಾರಿ ಚರಂಡಿಗೆ ಬೀಳುತ್ತಿದ್ದವು. ದೀಪ ಚಾರ್ಜಾಗಲೆಂದು ಹಗಲು ಸೂರಿನ ಮೇಲೆ ಇಡುತ್ತಿದ್ದ ಸೋಲಾರ್ ಪ್ಲೇಟಿಗೆ ಎತ್ತರದ ಅಂಚಿತ್ತು, ಒಳ್ಳೆಯ ಬಿಸಿಯೂ ಇತ್ತು. ಹಳೆ ಸೀರೆಯ ತುಂಡು ಹಾಸಿ ಅದರ ಮೇಲೇ ಹರವಿದೆ. ಅಕ್ಕ ಹಗಲು ಬೇರೆಯವರ ಮನೆಗೆಲಸ ಮುಗಿಸಿ ಬರುವಷ್ಟರಲ್ಲಿ ಎಲ್ಲ ಎತ್ತಿಡುತ್ತಿದ್ದೆ.

ದೀಪ ಸಂಜೆಯೇ ಮಂಕಾಗತೊಡಗಿತು. ಮೆಣಸಿನಕಾಯಿ ಹಾಕದ ದಿನ ಮಾತ್ರ ಚೆನ್ನಾಗಿ ಉರಿಯಿತು. ಆಗ ನನಗೆ ತಿಳಿಯಿತು. ಆದರೆ ಅಷ್ಟರಲ್ಲಿ ಬ್ಯಾಂಕಿನವರಿಗೆ ದೂರು ಹೋಗಿ, ಒಬ್ಬರು ನೋಡಲು ಬರುವವರಿದ್ದರು. ನಾನು ಪ್ಲೇಟನ್ನು ಒರೆಸಿ ಲಕಲಕ ಮಾಡಿಟ್ಟೆ.

ಬಂದವರು ಎಲ್ಲ ತಿರುವಿ ನೋಡಿ, ಹಗಲಲ್ಲೂ ಉರಿಸುತ್ತೀರೇನೋ ಎಂದು ಅಕ್ಕನನ್ನೇ ಅನುಮಾನಿಸಿದರು. ಅಕ್ಕ ನನ್ನನ್ನು ಕೇಳಿದಳು:

“ಅದರ ಮ್ಯಾಲ ಏನರ ಇಟ್ಟಿದ್ದೇನು?”

“ಇಲ್ಲಕ್ಕ.”

ಹೇಳಿದರೆ ಊರಿಗೆ ಕಳಿಸಿಬಿಡುತ್ತಾಳೆಂಬ ಹೆದರಿಕೆ. ಅವಳನ್ನು ಬಿಟ್ಟಿರಲು ನನಗಾಗುತ್ತಿರಲಿಲ್ಲ. ಅವಳು ಮತ್ತೇನೂ ಕೇಳಲಿಲ್ಲ. ಆ ಅನುಮಾನದ ಮೇಲೆಯೇ ದೀಪ ವಾಪಸು ಹೋಯಿತು, ಉಳಿದವರಿಗೆ ಬರಲೇ ಇಲ್ಲ. ನಿನ್ನಿಂದ ನಮಗೂ ತಪ್ಪಿತು ಎಂದು ಹೂವಿನವಳು ಅಕ್ಕನ ಜೊತೆ ಮಾತು ಬಿಟ್ಟಳು. ಬುಡ್ಡಿ ಮತ್ತೆ ಗಾಡಿಗೇರಿತು. ಎರಡು ಮಳೆಗಾಲ ಕಳೆಯುವುದರೊಳಗೆ ಅಕ್ಕನ ಕೆಮ್ಮು ಹೆಚ್ಚಿ ಅವಳೇ ಊರಿಗೆ ಹೋದಳು. ಅಷ್ಟರಲ್ಲಿ ಇಲ್ಲೇ ಮದುವೆಯಾಗಿದ್ದ ನಾನು ಉಳಿದೆ.

ಈಗ ಟಿನ್ ಫ್ಯಾಕ್ಟರಿಯಲ್ಲಿ ಗಾಡಿಗೊಂದು ಬಿಳಿ ದೀಪ. ಬಸ್ಸಿಳಿದಾಗಲೆಲ್ಲ ಒಂದೊಂದರ ಕೆಳಗೂ ಅವಳ ಮುಖ ಹುಡುಕುತ್ತೇನೆ. ಪ್ರತಿ ವರ್ಷ ಅವಳು ಊರಿನಿಂದ ಒಣ ಮೆಣಸಿನಕಾಯಿ ಕಳಿಸುತ್ತಾಳೆ. ನಾನು ಚೀಲ ಬಿಚ್ಚುವುದಿಲ್ಲ, ಪಕ್ಕದ ಮನೆಯವರಿಗೆ ಕೊಟ್ಟುಬಿಡುತ್ತೇನೆ. ಅಕ್ಕನಿಗೆ ಓದು ಬಾರದು. ಬರೆದಿಟ್ಟ ಇದನ್ನು ನಾನೇ ಹೋಗಿ, ಅವಳ ಪಕ್ಕ ಕೂತು ಓದಿ ಹೇಳಬೇಕು.